ಬಾವಿಗೆ ಬಿದ್ದ ಗಿರಿಜೆಯ ನಕ್ಷತ್ರ

ಕಥೆ ಬರೆಯುವವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕಾಲು ತೊಳೆದುಕೊಂಡು ಅವನ ಜಗಲಿಗೆ ಬಂದು ಕೂರುತ್ತವೆ. ನಾನು ಓದಿದ್ದು ನಮ್ಮೂರ ಕೂಲಿಮಠದಲ್ಲಿ, ಅಷ್ಟೇ. ಆದರೂ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹಾಸನದ ಒಂದು ಮಾಸಪತ್ರಿಕೆಯಲ್ಲಿ ನನ್ನ ಕಾದಂಬರಿ ತಿಂಗಳಿಗೊಂದು ಅಧ್ಯಾಯದಂತೆ ಬಂದಿತು. ದಂಡಿಗನಹಳ್ಳಿಯ ಸುತ್ತಮುತ್ತ ಅಚ್ಚಿನಲ್ಲಿ ತನ್ನ ಹೆಸರು ಕಂಡವನು ಆಗ ನಾನೊಬ್ಬನೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಶಿವ ಕ್ಷಮಿಸಲಿ. ಪತ್ರಿಕೆ ಬಂದ ದಿನ ಈಶ್ವರನ ಗುಡಿಯ ಜಗಲಿಯ ಮೇಲೆ ನಾನೇ ಓದುತ್ತಿದ್ದೆ, ಊರು ಕೇಳುತ್ತಿತ್ತು.

ಬೆಣ್ಣೆ ಗಡಿಗೆ

ಮೊದಲು ನಾನು ಬರೆದ ಅತ್ತೆ ಬರೀ ಕೆಟ್ಟವಳು. ಸೊಸೆ ಗಿರಿಜೆಯನ್ನು ಬೈಯುವುದೊಂದೇ ಅವಳ ಕೆಲಸ. ಓದಿ ಹೇಳಿದಾಗ ನನ್ನ ಹೆಂಡತಿ ರಾಗಿ ಕೇರುತ್ತಲೇ, "ಇವ್ಳು ಬೈಯೋದು ಬಿಟ್ಟು ಬ್ಯಾರೆ ಏನೂ ಮಾಡಾಕಿಲ್ವಾ?" ಎಂದಳು.

ಮಾತು ನಾಟಿತು. ನಮ್ಮ ಮನೆಗೆ ಹಿರಿಯಳಾದ ದೊಡ್ಡವ್ವನ ಒಂದು ಅಭ್ಯಾಸವನ್ನು ಸದ್ದಿಲ್ಲದೆ ಎತ್ತಿ ಕಥೆಯ ಅತ್ತೆಗೆ ಕೊಟ್ಟೆ. ಆಕೆ ಬೆಣ್ಣೆ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಮೂರೆಳೆ ವಿಭೂತಿ ಬಳಿಯುತ್ತಿದ್ದಳು. ಸೊಸೆಯರು ಬೀಗವನ್ನಾದರೂ ತೆಗೆದಾರು, ವಿಭೂತಿ ಅಳಿಸಿ ಬೆಣ್ಣೆ ತೆಗೆಯುವ ಧೈರ್ಯ ಯಾರಿಗಿದೆ?

ಆ ಅಧ್ಯಾಯ ಓದಿದ ಮರುದಿನ ಊರಿನ ಮೂವರು ಅತ್ತೆಯರು, "ನನ್ ಮ್ಯಾಲೇ ಬರ್ದಿದ್ದೀಯ" ಎಂದು ಬೇರೆ ಬೇರೆಯಾಗಿ ಬಂದು ಜಗಳವಾಡಿದರು. ದೊಡ್ಡವ್ವ ಮಾತ್ರ ಒಳಗೆ ಗಡಿಗೆಗೆ ವಿಭೂತಿ ಹಚ್ಚುತ್ತ, "ಎಂಥಾ ಎಂಗ್ಸೋ ಅವ್ಳು. ಪಾಪ, ಆ ಗಿರಿಜೆ ಅದೆಂಗ್ ಬಾಳ್ತಾಳೋ" ಎಂದಳು.

ಏರಿನಲ್ಲಿ ನಿಂತ ಬಸ್ಸು

ಕುತೂಹಲವೆಂದರೇನೆಂದು ನನಗೆ ಕಲಿಸಿದ್ದು, ಪೆಟ್ರೋಲು ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸು. ಬರೆದದ್ದನ್ನು ಕೊಡಲು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುತ್ತಿದ್ದೆ. ಬಸ್ಸು ಓಡುವಷ್ಟು ಹೊತ್ತೂ ಎಲ್ಲರೂ ತೂಕಡಿಸುತ್ತಿದ್ದರು. ಏರಿನ ನಡುವೆ ಅದು ಉಸಿರು ಬಿಟ್ಟು ನಿಂತು, ಒಂದು ಮಾರು ಹಿಂದಕ್ಕೆ ಜಾರಿತು ನೋಡಿ, ಎಲ್ಲರ ಬಾಯಲ್ಲೂ ಶಿವನಾಮ.

"ಈಗೇನಾಯ್ತದೆ ಸಾ?" ಎಂದು ಪಕ್ಕದವರು ಕೇಳಿದರು.

"ಇಳ್ದು ತಳ್ಳಿದ್ರೆ ಗೊತ್ತಾಯ್ತದೆ" ಎಂದ ಕಂಡಕ್ಟರ್.

ಅಧ್ಯಾಯವನ್ನು ನಿಲ್ಲಿಸಬೇಕಾದದ್ದು ಏರಿನ ನಡುವೆ ಎಂದು ತಳ್ಳುತ್ತ ತಳ್ಳುತ್ತಲೇ ತಿಳಿಯಿತು. ಮುಂದಿನ ಅಧ್ಯಾಯದ ಕೊನೆಗೆ ಗಿರಿಜೆ ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದಳು. ಅಲ್ಲಿಗೆ ನಿಲ್ಲಿಸಿದೆ. ನಾನು ನಿಲ್ಲಿಸಿದ್ದು ಒಂದು ತಿಂಗಳಿಗೆ. ಕಾಗದ ಸಿಗದೆ ಪತ್ರಿಕೆ ಮೂರು ತಿಂಗಳು ಬರಲೇ ಇಲ್ಲ. ಗಿರಿಜೆಗೆ ಆ ವರ್ಷದ ಗೌರಿಹಬ್ಬ ಬಾವಿಯಲ್ಲೇ ಆಯಿತು.

ಅರ್ಚನೆ

ನಿಜ ಹೇಳಬೇಕೆಂದರೆ, ಅವಳನ್ನು ಸಾಯಿಸುವುದೆಂದು ನಾನು ತೀರ್ಮಾನಿಸಿದ್ದೆ. ಊರೇ ಅಳುವಂಥ ನಾಲ್ಕು ಪುಟ ಬರೆದೂ ಇಟ್ಟಿದ್ದೆ. ನನ್ನ ಬರವಣಿಗೆಯಲ್ಲೆಲ್ಲ ಅದೇ ಚೆನ್ನಾಗಿತ್ತು. ದಾರಿಯಲ್ಲಿ ಸಿಕ್ಕವರು ಕೇಳುತ್ತಿದ್ದದ್ದು ಒಂದೇ ಮಾತು: "ಎತ್ತುದ್ರಾ ಯಜಮಾನ್ರೆ?"

ಒಂದು ಸೋಮವಾರ ಬೆಳಿಗ್ಗೆ ಗುಡಿಯ ಪೂಜಾರಿಗಳು ಬಂದರು.

"ನಿಮ್ ದೊಡ್ಡವ್ವ ಗಿರಿಜೆ ಹೆಸ್ರಲ್ಲಿ ಅರ್ಚನೆ ಮಾಡಿ ಅಂತ ಕುಂತವ್ರೆ. ನಕ್ಷತ್ರ ಹೇಳಿ."

"ಅವಳು ಕಥೆಯವಳು ಪೂಜಾರಪ್ಪ. ಅವಳಿಗೆಲ್ಲಿಯ ನಕ್ಷತ್ರ?"

"ನಾನೂ ಅದ್ನೇ ಅಂದೆ. 'ಹುಟ್ಟುಸ್ದೋನ್ಗೆ ಗೊತ್ತಿರಾಕಿಲ್ವಾ, ಓಗಿ ಕೇಳು' ಅಂದ್ರು."

ಗಿರಿಜೆಯ ಮೂಗು, ಸೀರೆಯ ಅಂಚು, ಕೊಡ ಹೊತ್ತು ನಡೆಯುವ ರೀತಿ ಎಲ್ಲ ಗೊತ್ತಿದ್ದ ನನಗೆ ಅವಳು ಹುಟ್ಟಿದ ಗಳಿಗೆ ಗೊತ್ತಿರಲಿಲ್ಲ. ಲೋಪ ನನ್ನದೇ. "ರೋಹಿಣಿ" ಎಂದೆ. ಪೂಜಾರಿಗಳು ಬೆರಳು ಮಡಿಸಿ ನೋಡಿ, "ಗುರುಬಲ ಐತೆ. ಎದುರ್ಕೋಬ್ಯಾಡಿ, ಆಯಸ್ಸು ಗಟ್ಟಿ" ಎಂದು ನನಗೇ ಧೈರ್ಯ ಹೇಳಿ ಹೋದರು.

ದೇವರ ಮುಂದೆ ಸಂಕಲ್ಪವಾದ ಮೇಲೆ ಸಾಯಿಸುವುದು ಹೇಗೆ? ನಾಲ್ಕು ಪುಟ ಒಲೆಗೆ ಹೋದವು. ಹೊಸ ಅಧ್ಯಾಯದಲ್ಲಿ ಗಿರಿಜೆ ಹಗ್ಗ ಹಿಡಿದಳು. ಮೇಲಿನಿಂದ ಎಳೆದವಳು ಆ ಅತ್ತೆಯೇ. ಪತ್ರಿಕೆ ಮತ್ತೆ ಬಂದ ದಿನ ಓದಿ ಮುಗಿಸಿದಾಗ ಜಗಲಿಯ ಮೇಲೆ ಗಂಡಸರೂ ಕಣ್ಣೊರೆಸಿಕೊಂಡರು. ಅಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ತಲೆಯೆತ್ತಿ ನೋಡಿದರೆ ಎಲ್ಲರೂ ದೊಡ್ಡವ್ವನ ಮುಂದೆ ಕೈಯೊಡ್ಡಿ ನಿಂತಿದ್ದಾರೆ. ಗಿರಿಜೆ ಬದುಕಿದರೆ ಕೊಡುತ್ತೇನೆಂದು ಆಕೆ ಹರಕೆ ಹೊತ್ತಿದ್ದು ಅದೇ ಬೆಣ್ಣೆ ಗಡಿಗೆಯನ್ನಂತೆ. ವಿಭೂತಿಯ ಬಟ್ಟೆ ಬಿಚ್ಚಿ, ಬೆಣ್ಣೆಗೆ ಬೆಲ್ಲ ಕಲಸಿ, ತನ್ನ ಸೊಸೆಯರಿಗೇ ಮೊದಲು ಪ್ರಸಾದ ಕೊಡುತ್ತಿದ್ದಳು.

ನಾನು ಹತ್ತಿರ ಹೋಗಿ, "ದೊಡ್ಡವ್ವ, ಗಿರಿಜೇನ ಬದುಕಿಸಿದ್ದು ನಾನು" ಎಂದೆ.

"ನೀನಾ? ಬಾವಿಗೆ ಬೀಳ್ಸಿದ್ದು ನೀನು ಕಣ್ಲಾ. ಎತ್ತಿದ್ದು ಈಸ್ವರ. ಕೈ ನೀಡು."

ನೀಡಿದೆ.