ಹೆಂಡತಿ ಓದಲು ಹೋದ ವರ್ಷ

ಒಳ್ಳೆಯ ಗಂಡ ಎನ್ನಿಸಿಕೊಳ್ಳುವುದು ಅಂಥ ಕಷ್ಟವೇನಲ್ಲ. ಹೆಂಡತಿ ಏನನ್ನೂ ಕೇಳದಿದ್ದರೆ ಸಾಕು. ಇಪ್ಪತ್ತೆರಡು ವರ್ಷ ನಾನು ಹಾಗೆಯೇ ಒಳ್ಳೆಯವನಾಗಿದ್ದೆ. ಬಸವನಗುಡಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು ನಾನು. ನನ್ನ ಹೆಂಡತಿ ವಸುಧಾ ಚಾಮರಾಜಪೇಟೆಯ ಹಳೆಯ ಗ್ರಂಥಾಲಯವೊಂದರಲ್ಲಿ ಹರಿದ ಪುಸ್ತಕಗಳನ್ನು ದುರಸ್ತಿ ಮಾಡುತ್ತಿದ್ದಳು. ಮಗಳು ಮೈಸೂರಿನ ಹಾಸ್ಟೆಲ್ ಸೇರಿದ ವರ್ಷ, ನಲವತ್ತೈದು ತುಂಬಿದ್ದ ಅವಳು, ಹಳೆಯ ಕಾಗದಪತ್ರಗಳನ್ನು ಕಾಪಾಡುವ ವಿಷಯದಲ್ಲಿ ಎಂ.ಎ. ಮಾಡುತ್ತೇನೆಂದಳು. "ಸೇರ್ಕೋ, ಟೈಂಪಾಸ್ ಆಗುತ್ತೆ" ಎಂದೆ. ಮೊದಲ ವರ್ಷ ಇಲ್ಲಿ ಓದು, ಆಯ್ಕೆಯಾದರೆ ಎರಡನೆಯ ವರ್ಷ ಪೋರ್ಚುಗಲ್‌ನ ವಿಶ್ವವಿದ್ಯಾಲಯದಲ್ಲಿ ಎಂಬುದನ್ನು ಅರ್ಜಿ ತುಂಬುವಾಗಲೇ ನನಗೆ ಹೇಳಿದ್ದಳಂತೆ. ನಾನು ಆಗ ಪೇಪರ್ ಓದುತ್ತ "ಹೂಂ" ಅಂದಿದ್ದೆನಂತೆ.

ಅವಳ ತರಗತಿಯಿಂದ ಇಬ್ಬರೇ ಆಯ್ಕೆಯಾದರು, ಅವರಲ್ಲಿ ಇವಳೊಬ್ಬಳು. ಸಂತೋಷ ಎಂದು ಹೇಳುವುದಕ್ಕೆ ನನ್ನ ಬಾಯಿಯೇನೋ ತೆರೆಯಿತು, ಆದರೆ ಹೊರಗೆ ಬಂದದ್ದು ಬೇರೆ ಮಾತು: "ಅಮ್ಮನ್ನ ಯಾರು ನೋಡ್ಕೋತಾರೆ?" ಅಮ್ಮ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಎಪ್ಪತ್ತಾರರ ಅಮ್ಮ ಒಂದು ಕಾಲಕ್ಕೆ ಟೆಲಿಫೋನ್ ಆಪರೇಟರ್ ಆಗಿದ್ದವಳು. ಮೂವತ್ತು ವರ್ಷ ಟ್ರಂಕ್ ಕಾಲ್ ಜೋಡಿಸುತ್ತ ಕಂಡವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡಿದ್ದರಿಂದ, ಯಾರ ದನಿಯಲ್ಲಿ ಸುಳ್ಳು ಎಲ್ಲಿದೆ ಎಂಬುದು ಅವಳಿಗೆ ಥಟ್ಟನೆ ತಿಳಿಯುತ್ತದೆ. "ನನ್ನನ್ನ ಯಾರು ನೋಡ್ಕೋತಾರೆ ಅಂತಾನೋ, ನಿನ್ನನ್ನ ಯಾರು ನೋಡ್ಕೋತಾರೆ ಅಂತಾನೋ? ಸರಿಯಾಗಿ ಕೇಳು" ಎಂದಳು.

ಬಾಯಿಬಿಟ್ಟು ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಸೋಮವಾರ ಗವಿಪುರದ ದೇವಸ್ಥಾನಕ್ಕೆ ಹೋಗಿ, ಆ ತಗ್ಗು ಗುಹೆಯೊಳಗೆ ಬಗ್ಗಿಕೊಂಡು ನಡೆದು, ದೇವರ ಮುಂದೆ ಕೈಮುಗಿದೆ. ವೀಸಾ ಸಿಗದಿರಲಿ ಎಂದು ನೇರವಾಗಿ ಕೇಳಲು ಅಲ್ಲಿಯೂ ನಾಚಿಕೆಯಾಯಿತು. ಎಲ್ಲ ಒಳ್ಳೆಯದಾಗಲಿ ಎಂದೆ. ಯಾರಿಗೆ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಅರ್ಚಕರು ಯಾರ ಹೆಸರಿಗೆ ಅರ್ಚನೆ, ಏನು ವಿಶೇಷ ಎಂದು ವಿಚಾರಿಸಿದರು. "ಮನೆಯವಳು ಓದೋಕೆ ಫಾರಿನ್‌ಗೆ ಹೋಗ್ತಾಳೆ" ಎಂದೆ. ಅವರಿಗೆ ನಿಜವಾಗಿಯೂ ಸಂತೋಷವಾಗಿ, ದೊಡ್ಡ ದನಿಯಲ್ಲಿ ಅವಳ ಹೆಸರು, ನಕ್ಷತ್ರ ಹೇಳಿ, ಕಾರ್ಯಸಿದ್ಧಿಯಾಗಲೆಂದು ಪ್ರಾರ್ಥಿಸಿಬಿಟ್ಟರು. ಒಂಬತ್ತೇ ದಿನಕ್ಕೆ ವೀಸಾ ಬಂತು.

ಸೆಪ್ಟೆಂಬರಿನಲ್ಲಿ ಅವಳು ಹೊರಟಳು. ಅಡುಗೆ ನನ್ನ ಪಾಲಿಗೆ ಬಂತು. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಅಮ್ಮ ಕೇಳಿದರೆ, ಇಡೀ ತರಗತಿಗೆ ಬೀಜಗಣಿತ ಹೇಳಿಕೊಡುವ ನನಗೆ ಮೂರೋ ನಾಲ್ಕೋ ಎಂಬುದೇ ನೆನಪಿರುತ್ತಿರಲಿಲ್ಲ. ಆದರೆ ಸಂಕಟ ಅನ್ನದ್ದಲ್ಲ, ಸಾರಿನದ್ದಲ್ಲ. ವಿಡಿಯೊ ಕಾಲ್‌ನಲ್ಲಿ ವಸುಧಾ, ಹುಳು ತಿಂದ ಹಳೆಯ ಪತ್ರವೊಂದನ್ನು ನೀರಿನಲ್ಲಿ ಹೇಗೆ ತೊಳೆದೆ, ಶಾಯಿ ಹೇಗೆ ಹಾಗೇ ಉಳಿಯಿತು ಎಂದು ಹೇಳುತ್ತಿದ್ದಳು. ಆಗ ಅವಳ ಮುಖದಲ್ಲಿ ಕಾಣುತ್ತಿದ್ದ ನಗುವನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಊಟ ಆಯ್ತಾ ಎಂದು ಕೇಳುವುದನ್ನೂ ಮರೆಯತೊಡಗಿದಳು.

ಕಡಲೆಕಾಯಿ ಪರಿಷೆಯ ವಾರ. ನಾನು ಚೀಲಗಟ್ಟಲೆ ಹಸಿ ಕಡಲೆಕಾಯಿ ತಂದು, ಬೇಯಿಸಿ, ಒಬ್ಬನೇ ಕೂತು ತಿಂದಿದ್ದೆ. ಭಾನುವಾರ ಮಧ್ಯಾಹ್ನ ಎದೆ ಹಿಡಿದ ಹಾಗಾಯಿತು. ಅದು ಸುಳ್ಳಲ್ಲ. ಆದರೆ ಅವಳಿಗೆ ಫೋನ್ ಮಾಡಿ, ನಡುನಡುವೆ ಉಸಿರು ನಿಲ್ಲಿಸಿ, "ಏನಿಲ್ಲ, ಸ್ವಲ್ಪ ಎದೆನೋವು. ನೀನು ಓದ್ಕೋ" ಎಂದೆನಲ್ಲ, ಆ ದನಿ ಮಾತ್ರ ನಾನೇ ತಯಾರಿಸಿದ್ದು. ಎರಡು ಗಂಟೆಯೊಳಗೆ ಅವಳ ಮೆಸೇಜು: ಟಿಕೆಟ್ ಆಗಿದೆ, ಮಂಗಳವಾರ ಹೊರಡುತ್ತೇನೆ. ಮುಂದಿನ ವಾರ ಅವಳ ಪ್ರಾಯೋಗಿಕ ಪರೀಕ್ಷೆಯಿತ್ತು. ತಪ್ಪಿದರೆ ಇಡೀ ವರ್ಷ ಹೋದಂತೆಯೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಖುಷಿಯಾಯಿತು. ಸಂಜೆ ಡಾಕ್ಟರ್ ಇಸಿಜಿ ತೆಗೆದು, "ಏನೂ ಇಲ್ಲ ಸಾರ್, ಕಡ್ಲೆಕಾಯಿ ಕಮ್ಮಿ ಮಾಡಿ" ಎಂದರು. ಮನೆಗೆ ಬಂದು, ಫೋನನ್ನು ಮೇಜಿನ ಮೇಲಿಟ್ಟು, ಸುಮ್ಮನೆ ಕುಳಿತೆ.

"ಡಾಕ್ಟರ್ ಏನಂದ್ರು?" ಎಂದಳು ಅಮ್ಮ.

"ಗ್ಯಾಸ್ ಅಂತೆ."

"ವಸುಧಾಗೆ ಹೇಳಿದ್ಯಾ?"

"ಹೇಳ್ತೀನಿ."

"ಯಾವಾಗ? ಅವಳು ಬಂದು ಬಾಗ್ಲು ತಟ್ಟಿದ್ಮೇಲಾ?"

ಅಮ್ಮ ನನ್ನ ಫೋನ್ ತೆಗೆದುಕೊಂಡು ತಾನೇ ಕರೆ ಮಾಡಿದಳು. "ವಸುಧಾ, ನಾನು. ಇವನಿಗೇನೂ ಆಗಿಲ್ಲ, ಕಡ್ಲೆಕಾಯಿ ತಿಂದಿದ್ದು. ಟಿಕೆಟ್ ಕ್ಯಾನ್ಸಲ್ ಮಾಡ್ಸು, ಪರೀಕ್ಷೆ ಬರಿ." ಆಮೇಲೆ ಬಹಳ ಹೊತ್ತು ಅಮ್ಮ ಬರೀ ಕೇಳಿಸಿಕೊಂಡಳು. "ಹೂಂ... ಗೊತ್ತಾಗುತ್ತಮ್ಮ... ಆದ್ರೂ ಬೇಡ" ಎಂದು ಫೋನ್ ಇಟ್ಟಳು. ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಭಯ ಆಯ್ತೇನೋ, ಅವಳಿಗೆ ನೀನು ಬೇಡವಾಗಿಬಿಟ್ರೆ ಅಂತ?" ಎಂದಳು. ಐವತ್ತು ವರ್ಷದ ಗಂಡಸು ತಾಯಿಯ ಮುಂದೆ ಕಣ್ಣೊರೆಸಿಕೊಳ್ಳುವುದು ಚೆನ್ನಾಗಿರುವುದಿಲ್ಲವೆಂದು ಎದ್ದು ಹೋಗಿ ಬೇಳೆ ಬೇಯಲಿಟ್ಟೆ.

ಜುಲೈನಲ್ಲಿ ವಸುಧಾ ಡಿಗ್ರಿ ಮುಗಿಸಿ ಬಂದಳು. ಅವಳು ಬಂದು ಒಂದು ತಿಂಗಳಾದರೂ ನನ್ನೊಳಗಿನ ಅಳುಕು ಕರಗಲಿಲ್ಲ. ಒಂದು ಸಂಜೆ ಇಬ್ಬರೂ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ, ದೇವಸ್ಥಾನದಲ್ಲಿ ಕೇಳಲು ಹೊರಟದ್ದು, ಫೋನಿನಲ್ಲಿ ದನಿ ಕುಗ್ಗಿಸಿದ್ದು, ಇಸಿಜಿ ಆದಮೇಲೂ ಬಾಯಿ ಬಿಡದೆ ಕುಳಿತದ್ದು, ಎಲ್ಲ ಹೇಳಿಬಿಟ್ಟೆ. ಅವಳು ಸೊಪ್ಪಿನಿಂದ ಕೈ ತೆಗೆಯಲಿಲ್ಲ.

"ಅವತ್ತು ಫೋನಲ್ಲಿ ಅತ್ತೆ ಹತ್ರ ನಾನು ಎಷ್ಟು ಅತ್ತಿದ್ದೆ ಗೊತ್ತಾ? ಕ್ಲಾಸಲ್ಲಿ ಎಲ್ಲಾ ನಮ್ಮ ಮಗಳ ವಯಸ್ಸಿನವ್ರು. ಪಾಠ ಅರ್ಧ ಅರ್ಥ ಆಗ್ತಿರ್ಲಿಲ್ಲ. ಬಿಟ್ಟು ಬಂದ್ಬಿಡ್ಬೇಕು ಅಂತ ಒಂದು ತಿಂಗಳಿಂದ ಅನ್ಕೊಂಡಿದ್ದೆ. ನಿಮಗೆ ಎದೆನೋವು ಅಂದಾಗ ಗಾಬರಿ ಆಯ್ತು, ನಿಜ. ಹಿಂದೇನೇ, ಸದ್ಯ, ಹೊರಡೋಕೆ ಒಂದು ಕಾರಣ ಸಿಕ್ತು ಅಂತಾನೂ ಅನ್ನಿಸ್ತು. ಗ್ಯಾಸ್ ಅಂತ ಗೊತ್ತಾದ್ಮೇಲೂ ಬರ್ತೀನಿ ಅಂದೆ. ಅತ್ತೆ ಒಪ್ಪಲಿಲ್ಲ."

"ವಿಡಿಯೊದಲ್ಲಿ ಅಷ್ಟು ಖುಷಿಯಾಗಿ ಕಾಣ್ತಿದ್ಯಲ್ಲ?"

"ನಿಮ್ಮ ಮುಂದೆ ಅತ್ತಿದ್ರೆ ಏನಂತಿದ್ರಿ?"

"ಬಂದ್ಬಿಡು ಅಂತಿದ್ದೆ."

"ಅದಕ್ಕೇ."

ಇಷ್ಟು ದಿನ ನನಗೆ ತಪ್ಪಿತಸ್ಥನ ಸಂಕಟವಿತ್ತು, ಸರಿ. ಆದರೆ ಆ ಸಂಕಟದ ಅಡಿಯಲ್ಲಿ ಒಂದಿಷ್ಟು ಹೆಮ್ಮೆಯನ್ನೂ ಬಚ್ಚಿಟ್ಟುಕೊಂಡಿದ್ದೆ: ಏನೇ ಆಗಲಿ, ನನಗಾಗಿ ಅವಳು ಪರೀಕ್ಷೆಯನ್ನೇ ಬಿಟ್ಟು ಹೊರಟಿದ್ದಳಲ್ಲ ಎಂದು. ಈಗ ತಿಳಿಯಿತು, ನಾನು ಬರೀ ಒಂದು ನೆಪವಾಗಿದ್ದೆ. ಅದೂ ಅಮ್ಮ ಪಾಸು ಮಾಡದ ನೆಪ.