ಮೀನು ಹಿಡಿಸುವ ಕೆಲಸ

ಟೆಕ್ಸಾಸ್‌ನ ಕೆರೆಗಳಲ್ಲಿ ಜನರನ್ನು ದೋಣಿ ಹತ್ತಿಸಿಕೊಂಡು ಹೋಗಿ ಮೀನು ಹಿಡಿಸುವುದು ನನ್ನ ಉದ್ಯೋಗ. "ಮೀನು ಹಿಡಿಯೋಕೂ ಗೈಡಾ? ಎಸ್ಸೆಸ್ಸೆಲ್ಸಿಗೆ ಇದ್ದ ಹಾಗೆ?" ಎಂದು ಕೇಳುವವರಿದ್ದಾರೆ. ಹೌದು ಸ್ವಾಮಿ. ಮೀನಿನ ಬುದ್ಧಿ ನನಗೆ ಒಂದಿಷ್ಟು ಅರ್ಥವಾಗಿದೆ. ದೋಣಿ ಹತ್ತುವ ನಮ್ಮವರದ್ದು ಮಾತ್ರ ಇವತ್ತಿಗೂ ಆಗಿಲ್ಲ. ಹಾಗಾಗಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಆಸ್ಟಿನ್‌ನ ದೊಡ್ಡ ಬೇಟೆ

ಬಾಸ್ ಮೀನು ಮುಳುಗಿದ ಮರಗಳ ಸಂದಿಯಲ್ಲಿ ಅಡಗಿರುತ್ತದೆ. ರಬ್ಬರಿನ ಎರೆಹುಳು ಸಿಕ್ಕಿಸಿದ ಗಾಳವನ್ನು ಮರದ ಪಕ್ಕಕ್ಕೆ ಎಸೆದು, ತಳದ ಮೇಲೆ ನಿಧಾನವಾಗಿ ತೆವಳಿಸಿಕೊಂಡು ಬರಬೇಕು. ನನಗೆ ಬಹಳ ಇಷ್ಟದ ವಿಧಾನ. ಎಂ.ಎಸ್. ಓದುವ ಹುಡುಗನೊಬ್ಬನಿಗೆ ಹೇಳಿಕೊಟ್ಟೆ. ಮೊದಲನೇ ಎಸೆತಕ್ಕೇ ಕಿರುಚಿದ.

"ಸಿಕ್ತು ಸರ್! ದೋಣಿನೇ ಎಳೀತಿದೆ!"

"ಅದು ಎಳೀತಿಲ್ಲಪ್ಪ. ಗಾಳ ಮರಕ್ಕೆ ಸಿಕ್ಕಿದೆ. ನೀನೇ ನಮ್ಮನ್ನ ಮರದ ಹತ್ರ ಎಳ್ಕೊಂಡು ಹೋಗ್ತಿದ್ದೀಯ."

ಬಿಡಿಸಲು ಹೋದರೆ ಮುಳ್ಳಿನ ಕೊಂಬೆಯೇ ಮುರಿದು ಕೈಗೆ ಬಂತು. ಹುಡುಗ ಅದನ್ನು ತಿರುಗಿಸಿ ನೋಡಿ ಮುಖ ಸಣ್ಣದು ಮಾಡಿದ.

"ನಮ್ಮೂರು ಬಳ್ಳಾರಿ ಸರ್. ಇದು ನಮ್ಮ ಬಳ್ಳಾರಿ ಜಾಲಿ ಥರಾನೇ ಇದೆ. ಇದನ್ನ ಹಿಡಿಯೋಕೆ ವೀಸಾ ಮಾಡಿಸ್ಕೊಂಡು ಬಂದ್ನಾ?"

ಆಂಟಿಯ ಡಬ್ಬಿ

ಕ್ಯಾಟ್‌ಫಿಶ್‌ಗೆ ಕಣ್ಣಿಗಿಂತ ಮೂಗು ಚುರುಕು. ಅದಕ್ಕೆ ನಾನು ಹಳಸಿದ ಚೀಸ್ ಕಲಸಿದ ಹಿಟ್ಟು ಬಳಸುತ್ತೇನೆ. ಹ್ಯೂಸ್ಟನ್ ಕಡೆಯ ಕೆರೆಯಲ್ಲಿ ಅದರ ಡಬ್ಬಿಯ ಮುಚ್ಚಳ ತೆಗೆದಿದ್ದೇ ತಡ, ಪಕ್ಕದ ಊರು ಶುಗರ್ ಲ್ಯಾಂಡ್‌ನಿಂದ ಗಂಡನ ಜೊತೆ ಬಂದಿದ್ದ ಧಾರವಾಡದ ಆಂಟಿ ಮೂಗು ಮುಚ್ಚಿಕೊಂಡರು.

"ಏನ್ರೀ ಇದು, ನಾಯಿನೂ ಮೂಸಂಗಿಲ್ಲ! ಪಾಪ, ಮೀನಿಗೆ ಇದನ್ನ ಹಾಕ್ತೀರೇನ್ರೀ?"

ಮುಚ್ಚಳ ಹಾಕಿ, ಡಬ್ಬಿಯ ಮೇಲೆಯೇ ಕೂತುಬಿಟ್ಟರು. ಊಟದ ಬುತ್ತಿಯಿಂದ ಕಡಲೆಹಿಟ್ಟಿನ ಝುಣಕದ ವಡಿ ತೆಗೆದು ಕೊಟ್ಟರು. "ಇಂಗು, ಬಳ್ಳೊಳ್ಳಿ ಭಾಳ ಹಾಕೇನಿ. ಇದನ್ನ ಚುಚ್ಚರಿ."

ಬೇರೆ ದಾರಿಯಿಲ್ಲದೆ ಚುಚ್ಚಿದೆ. ಒಂದರ ಹಿಂದೊಂದು ಮೀನು ಬಂದವು! ನಾನು ಬಾಯಿ ಬಿಟ್ಟುಕೊಂಡು ಕೂತಿದ್ದಾಗ ಅಂಕಲ್ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಕನ್ಯಾ ನೋಡಾಕ ಹೋದಾಗ ನನಗೂ ಇದೇ ವಡಿ ಕೊಟ್ಟಿದ್ರು ನೋಡ್ರಿ. ಆ ಮೀನಿನ ಸಂಕಟ ನನಗ ಗೊತ್ತಾಗ್ತದ."

ಅಮ್ಮನ ಕಾಲ್

ಡಲ್ಲಾಸ್ ಹತ್ತಿರದ ಕೆರೆಗೆ ಅಲ್ಲಿನ ಬಡಾವಣೆ ಲಾಸ್ ಕೊಲಿನಾಸ್‌ನ ಕನ್ಸಲ್ಟೆಂಟ್ ಒಬ್ಬರು ಬಂದಿದ್ದರು. ಮೈಸೂರಿನವರು, ಮಡಿವಂತರ ಮನೆ. "ಹಿಡಿದು ವಾಪಸ್ ಬಿಡೋದಷ್ಟೇ. ಆದ್ರೂ ಅಮ್ಮನಿಗೆ ಗೊತ್ತಾದ್ರೆ ಮನೆಗೆ ಸೇರಿಸಲ್ಲ" ಎಂದು ಮೊದಲೇ ಹೇಳಿದ್ದರು.

ಮೊಳದುದ್ದದ ಬಾಸ್ ಸಿಕ್ಕಿತು. ಒಂದು ಕೈಯಲ್ಲಿ ಮೀನು, ಇನ್ನೊಂದರಲ್ಲಿ ಫೋನು ಹಿಡಿದು ಸೆಲ್ಫಿಗೆ ನಿಂತರು. ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್! ಒದ್ದೆ ಬೆರಳು ತಾಗಿ ರಿಸೀವ್ ಆಗಿಯೇಬಿಟ್ಟಿತು. ಗಾಬರಿಯಲ್ಲಿ ಮನುಷ್ಯ ಮೀನನ್ನು ಅಂಗಿಯೊಳಗೆ ತುರುಕಿಕೊಂಡರು.

"ಏನೋ ಅದು, ಹೊಟ್ಟೆ ಹತ್ರ ಹಾಗೆ ಕುಣೀತಿದೆ?"

"ಆಫೀಸ್ ಫೋನಮ್ಮ. ವೈಬ್ರೇಟ್‌ನಲ್ಲಿಟ್ಟಿದ್ದೀನಿ."

ಆಗಲೇ ಆಫೀಸ್ ಫೋನು ಕಾಲರಿನಿಂದ ತಲೆ ಹೊರಗೆ ಹಾಕಿ ಬಾಯಿ ತೆರೆಯಿತು.

"ರೀ, ಬನ್ನಿ ಇಲ್ಲಿ! ನಿಮ್ಮ ಮಗ ಅಂಗಿಯೊಳಗೆ ಮೀನು ಇಟ್ಕೊಂಡಿದ್ದಾನೆ!"

ಅಪ್ಪ ಬಂದರು. ಕನ್ನಡಕ ಏರಿಸಿಕೊಂಡು ಗಂಭೀರವಾಗಿ ನೋಡಿದರು.

"ಕಿವಿರು ಕೆಂಪಗಿದೆ, ಒಳ್ಳೆ ಫ್ರೆಶ್ ಮೀನು ಕಣೋ. ಸಾರಿಗಿಂತ ಫ್ರೈಗೆ ಚೆನ್ನಾಗಿರತ್ತೆ."

ಅಮ್ಮ ಫೋನು ಬಿಟ್ಟು ಅಪ್ಪನ ಕಡೆ ತಿರುಗಿದರು.

"ರೀ," ಎಂದರು ಅಮ್ಮ, "ಅದು ನಿಮಗೆ ಹೇಗೆ ಗೊತ್ತು?"

"ಹಲೋ? ಹಲೋ? ಸಿಗ್ನಲ್ ಇಲ್ಲ" ಎಂದರು ಅಪ್ಪ, ಪಕ್ಕದಲ್ಲೇ ನಿಂತಿದ್ದ ಹೆಂಡತಿಗೆ.