ಜಿಲೇಬಿಯ ಆರೋಪ

ಅನುಮಾನವೇ ನನ್ನ ಹೊಟ್ಟೆಪಾಡು. ಆಡಿಟ್ ಇಲಾಖೆಗೆ ಸೇರಿದ ದಿನದಿಂದ ಸರ್ಕಾರ ನನಗೆ ಸಂಬಳ ಕೊಡುತ್ತಿರುವುದೇ ಇನ್ನೊಬ್ಬರ ಮಾತನ್ನು ನಂಬದೆ ಇರುವುದಕ್ಕೆ. ಆದರೂ ದಿಲ್ಲಿಯ ಕರೋಲ್ ಬಾಗಿನ ನಮ್ಮ ಬಾಡಿಗೆ ಮನೆಯಲ್ಲಿ ಈ ವಿದ್ಯೆಯಲ್ಲಿ ನನಗೆ ಎರಡನೆಯ ಸ್ಥಾನ. ಮೊದಲನೆಯದು ನನ್ನ ಹೆಂಡತಿ ವಿಮಲಾಳದ್ದು. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಅವಳು ತೀರ್ಪು ಕೊಟ್ಟಾಗಿತ್ತು. ವಂಶದಲ್ಲಿ ಯಾರಿಗೂ ಇಲ್ಲ, ಮೈಯಲ್ಲಿ ಮಾಂಸವೂ ಇಲ್ಲ, ಅಂದಮೇಲೆ ಇದು ಕದ್ದು ತಿಂದ ಜಿಲೇಬಿಯದೇ ಕೆಲಸ. ಸಾಕ್ಷಿ ಏನೆಂದು ಕೇಳಿದೆ. ನಾವಿಬ್ಬರೂ ತರಕಾರಿ ತರುವಾಗ ಮೂಲೆಯ ಜಿಲೇಬಿ ಅಂಗಡಿಯ ಭಯ್ಯಾ ನಗುತ್ತ ‘ನಮಸ್ತೆ ಜೀ’ ಎಂದಿದ್ದನಂತೆ. ಗಿರಾಕಿಯಲ್ಲದವರಿಗೆ ಈ ಊರಲ್ಲಿ ಯಾರು ನಮಸ್ತೆ ಹೇಳುತ್ತಾರೆ? ದೇವರಾಣೆಗೂ ಆ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ ನಾನು. ಆದರೆ ಆರೋಪಿಯ ಆಣೆಯನ್ನು ಯಾರೂ ನಂಬುವುದಿಲ್ಲ. ಆಫೀಸಿನಲ್ಲಿ ನಾನೂ ನಂಬುವುದಿಲ್ಲ. ನಾಲ್ಕು ವರ್ಷ, ಸಂಜೆ ಬಾಗಿಲು ತೆರೆದ ಕೂಡಲೇ ಅವಳು ನನ್ನ ಅಂಗೈ ಹಿಡಿದು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಗೌರಿ ಹಬ್ಬದ ಹೋಳಿಗೆಯೂ ನನಗೆ ಬಂದ್ ಆಯಿತು.

ಮಾತ್ರೆ ನುಂಗಿದಷ್ಟೂ ಶುಗರ್ ಏರಿತು, ನಾನು ಇಳಿದೆ. ಪ್ಯಾಂಟು ಸೊಂಟದ ಮೇಲೆ ನಿಲ್ಲದಂತಾದಾಗ ನಮ್ಮ ಡಿಸ್ಪೆನ್ಸರಿಯ ಡಾಕ್ಟರು ಹೌಜ್ ಖಾಸ್ ಕಡೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿ ಒಬ್ಬ ತರುಣ ಡಾಕ್ಟರು ಸಂಶೋಧನೆ ನಡೆಸುತ್ತಿದ್ದರು. ಕೆಲವರಿಗೆ ಮೊದಲು ಕೆಡುವುದು ಮೇದೋಜೀರಕ ಗ್ರಂಥಿಯಂತೆ, ಅದರೊಳಗೆ ಕಲ್ಲು ಕಟ್ಟುತ್ತದಂತೆ, ಶುಗರ್ ಬರುವುದು ಅದರ ಹಿಂದೆ. ನಿಮ್ಮದು ಆ ಜಾತಿಯದಿರಬಹುದು, ನಮ್ಮ ಅಧ್ಯಯನಕ್ಕೆ ಸೇರಿ ಎಂದರು. ಮೇದೋಜೀರಕದ ಹೆಸರು ಕೇಳಿದ್ದು ಹೈಸ್ಕೂಲಿನ ನಂತರ ಅಂದೇ. ಆದರೂ ನನ್ನ ಕಿವಿ ನೆಟ್ಟಗಾಯಿತು. ಅಂದರೆ ಜಿಲೇಬಿಯಿಂದ ಬಂದದ್ದಲ್ಲ! ನಾಲ್ಕು ವರ್ಷದ ಕೇಸಿನಲ್ಲಿ ಖುಲಾಸೆಯ ದಾರಿ ಮೊದಲ ಸಲ ಕಂಡಿತು.

ಅಷ್ಟರಲ್ಲಿ ಅವರು ಪರೀಕ್ಷೆಯೆಲ್ಲ ಉಚಿತ ಎಂದುಬಿಟ್ಟರು. ದಿಲ್ಲಿಯಲ್ಲಿ ಉಚಿತವೇ? ಕುಡಿಯಲು ಚಹಾ ಬೇರೆ ತರಿಸಿದರು. ಸರ್ಕಾರಿ ನೌಕರನಿಗೆ ಚಹಾ ತರಿಸಿದವರು ಸುಮ್ಮನೆ ತರಿಸಿದ್ದನ್ನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ. ನಾನು ಅವರನ್ನು ಅನುಮಾನಿಸುತ್ತಿರುವಾಗ ಅವರು ನನ್ನನ್ನು ಅನುಮಾನಿಸತೊಡಗಿದರು. ಕುಡಿಯುತ್ತೀರಾ ಎಂದರು. ಇಲ್ಲವೆಂದೆ. ಕುಡಿತದಿಂದಲೂ ಈ ಗ್ರಂಥಿ ಕೆಡುತ್ತದಂತೆ, ಹಾಗಾಗಿ ಸ್ವಲ್ಪ ಹೊತ್ತಿಗೆ ನರ್ಸೂ ಕೇಳಿದಳು, ಸ್ಕ್ಯಾನಿಂಗ್ ಕೋಣೆಯವನೂ ಕೇಳಿದ. ಕೇಳಿ ಕೇಳಿ ನನಗೇ ನನ್ನ ಮೇಲೆ ನಂಬಿಕೆ ಹೋಯಿತು. ಕೊಡಗಿನ ಮಿಲಿಟರಿ ಗೆಳೆಯನ ಮದುವೆಯಲ್ಲಿ ಕುಡಿದ ಕಿತ್ತಳೆ ಶರಬತ್ತು ಬರೀ ಶರಬತ್ತೇ ಆಗಿತ್ತೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಕೊನೆಗೆ ಡಾಕ್ಟರು ಹೇಳಿದ್ದಂತೂ ಮನೆಯಲ್ಲಿ ಹೇಳುವ ಹಾಗೇ ಇರಲಿಲ್ಲ. ಕೊಬ್ಬು ಜೀರ್ಣವಾಗುತ್ತದೋ ಇಲ್ಲವೋ ನೋಡಬೇಕು, ಕೆಲವು ದಿನ ಚೆನ್ನಾಗಿ ಬೆಣ್ಣೆ ತಿಂದು, ಆಮೇಲೆ ಡಬ್ಬಿಯಲ್ಲಿ ಮಲದ ಸ್ಯಾಂಪಲ್ ತನ್ನಿ ಎಂದಿದ್ದರು. ಆದರೂ ಹೇಳಿದೆ. ವಿಮಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಶುಗರ್ ಇರುವವನಿಗೆ ಬೆಣ್ಣೆ ತಿನ್ನು ಎನ್ನುವ ಡಾಕ್ಟರು ಭೂಮಿಯ ಮೇಲೆ ಇಲ್ಲ, ಇದು ನಾನೇ ಹೆಣೆದ ಕಥೆ ಎಂದು ಅವಳಿಗೆ ಖಾತ್ರಿಯಾಯಿತು. ಜಿಲೇಬಿ ಸಾಲದೆ ಈಗ ಬೆಣ್ಣೆಗೂ ಬಂದಿರಾ ಎಂದಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಮಗಳು ಪುಸ್ತಕದಿಂದ ತಲೆಯೆತ್ತಿ, “ಪಪ್ಪಾ, ಆಪ್ ತೋ ಗಿನಿಪಿಗ್ ಬನ್ ಗಯೇ” ಎಂದು ನನ್ನನ್ನು ಪ್ರಯೋಗದ ಪ್ರಾಣಿ ಮಾಡಿ ಮತ್ತೆ ಓದಿಗೆ ಇಳಿದಳು. ಮಾರನೆಯ ದಿನ ನನ್ನ ಹೆಂಡತಿ ಸ್ಥಳ ಪರಿಶೀಲನೆಗೆಂದು ನನ್ನ ಜೊತೆ ಆಸ್ಪತ್ರೆಗೆ ಹೊರಟಳು.

ಬೆಣ್ಣೆಯ ವಿಷಯ ನಿಜವೆಂದು ಡಾಕ್ಟರು ಒಪ್ಪಿಕೊಂಡಾಗ ಅವಳ ಮುಖ ಸ್ವಲ್ಪ ಸಪ್ಪಗಾಯಿತು. ಅವರೋ ಒಳ್ಳೆಯ ಸಾಕ್ಷಿ ಸಿಕ್ಕಿತೆಂದು, ನನ್ನನ್ನು ಪಕ್ಕಕ್ಕಿಟ್ಟು ಅವಳನ್ನೇ ಕೇಳಿದರು, ಇವರು ಕುಡಿಯುತ್ತಾರಾ ಎಂದು. ವಿಮಲಾ ತನ್ನ ಕರೋಲ್ ಬಾಗ್ ಹಿಂದಿಯಲ್ಲಿ ಕೊಟ್ಟ ಉತ್ತರದ ಸಾರಾಂಶ ಇಷ್ಟು: “ಕುಡಿಯೋದಕ್ಕೆ ಧೈರ್ಯ ಬೇಕು ಡಾಕ್ಟ್ರೇ. ಇವರು ಟೂತ್‌ಪೇಸ್ಟ್ ಬದಲಾಯಿಸೋದಕ್ಕೂ ನನ್ನ ಕೇಳ್ತಾರೆ.” ಡಾಕ್ಟರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಬೆಣ್ಣೆಯ ದಿನಗಳ ಸುಖವನ್ನು ಏನೆಂದು ಹೇಳಲಿ! ಮೊದಲ ದಿನ ದೋಸೆಯ ಮೇಲೆ ಉಂಡೆಯಿಟ್ಟು ತಿಂದೆ. ಎರಡನೆಯ ದಿನದಿಂದ ಹೊಟ್ಟೆ ಗುಡುಗುಡು ಎನ್ನತೊಡಗಿ, ಬೆಣ್ಣೆ ಕಂಡರೆ ಕಣ್ಣು ಮುಚ್ಚುವಂತಾಯಿತು. ಡಬ್ಬಿ ಒಯ್ದ ದಿನ ಗೇಟಿನ ಗಾರ್ಡು ತಡೆದ. ಬಾಂಬಿನ ಭಯಕ್ಕೆ, ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಎಂದು ಊರೆಲ್ಲ ಬೋರ್ಡು ಹಾಕಿದ್ದ ಕಾಲ. ಬಟ್ಟೆ ಸುತ್ತಿದ ಡಬ್ಬಿ ಎದೆಗವಚಿಕೊಂಡ ಬಡಕಲು ಮನುಷ್ಯನ ಮೇಲೆ ಅವನಿಗೆ ಅನುಮಾನ ಬಂದದ್ದು ಸಹಜ. ಖೋಲೋ, ಬಿಚ್ಚಿ ತೋರಿಸು ಎಂದು ಹಟ ಹಿಡಿದ. ಖೋಲಿದೆ. ಅಂದಿನಿಂದ ನನ್ನನ್ನು ದೂರದಲ್ಲಿ ಕಂಡರೂ ಗೇಟು ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

ಫಲಿತಾಂಶ ಕೇಳಲು ಇಬ್ಬರೂ ಹೋದೆವು. ಗ್ರಂಥಿಯೊಳಗೆ ಕಲ್ಲಿರುವುದು ನಿಜ, ಕೊಬ್ಬು ಜೀರ್ಣವಾಗುತ್ತಿಲ್ಲ, ಇನ್ನು ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಊಟದ ಜೊತೆ ಕ್ಯಾಪ್ಸೂಲ್ ನುಂಗಬೇಕು ಎಂದರು. ನನಗೆ ಬೇಕಾಗಿದ್ದುದು ಬೇರೆಯೇ. ಇದು ಸಿಹಿ ತಿಂದು ಬಂದದ್ದಲ್ಲ ಎಂಬುದನ್ನು ನನ್ನ ಹೆಂಡತಿಗೆ ಕೇಳುವ ಹಾಗೆ ಹೇಳಿ ಎಂದು ಕೇಳಿಕೊಂಡೆ. ಅವರು ಹೇಳಿದರು. ಹೊರಗೆ ಬಂದ ಮೇಲೆ ವಿಮಲಾ ಬ್ಯಾಗು ಮರೆತೆನೆಂದು ಒಬ್ಬಳೇ ಒಳಗೆ ಹೋದವಳು ಸುಮಾರು ಹೊತ್ತು ಬರಲಿಲ್ಲ.

ಅವತ್ತಿನಿಂದ ಮನೆಯಲ್ಲಿ ವಿಚಿತ್ರ ಶಾಂತಿ. ಅಂಗೈ ಮೂಸುವುದು ನಿಂತಿತು. ಟೀವಿಯ ರಿಮೋಟು ತಾನಾಗಿ ನನ್ನ ಕೈಗೆ ಬಂತು. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರೂ ಸದ್ದಿಲ್ಲದೆ ಎತ್ತಿ ಒಣಗಿ ಹಾಕಿದಳು. ನನಗೆ ನಿಜಕ್ಕೂ ಭಯವಾಯಿತು. ಡಾಕ್ಟರು ನನಗೆ ಹೇಳದ್ದೇನನ್ನೋ ಇವಳಿಗೆ ಹೇಳಿದ್ದಾರೆ, ನನ್ನ ದಿನ ಮುಗಿಯುತ್ತ ಬಂದಿದೆ, ಅದಕ್ಕೇ ಈ ಉಪಚಾರ. ತಡೆಯಲಾರದೆ ಅರ್ಧ ದಿನ ರಜೆ ಹಾಕಿ ಹೋಗಿ, ಅವಳ ಹತ್ತಿರ ಏನು ಹೇಳಿದಿರಿ, ಮುಚ್ಚಿಡಬೇಡಿ ಎಂದು ಡಾಕ್ಟರನ್ನು ಕೇಳಿದೆ. ಅವರು ನಕ್ಕುಬಿಟ್ಟರು. “ಗದರಿದರೆ ಶುಗರ್ ಏರುತ್ತಾ ಅಂತ ಕೇಳಿದರು. ಮನಸ್ಸಿಗೆ ನೋವಾದರೆ ಏರಬಹುದು ಅಂದೆ. ಇಲ್ಲೇ ಕೂತು ಅತ್ತುಬಿಟ್ಟರು.”

ನಿರಪರಾಧಿ ಎನಿಸಿಕೊಂಡು ಆ ಮೌನದಲ್ಲಿ ಬದುಕುವುದು ನನ್ನಿಂದ ಸಾಧ್ಯವಿರಲಿಲ್ಲ. ಬರುವಾಗ ಮೂಲೆಯ ಅಂಗಡಿಯ ಮೆಟ್ಟಿಲು ಜೀವನದಲ್ಲಿ ಮೊದಲ ಸಲ ಹತ್ತಿ, ಒಂದು ಪೊಟ್ಟಣ ಜಿಲೇಬಿ ಕಟ್ಟಿಸಿಕೊಂಡು, ಕಾಣುವ ಹಾಗೆಯೇ ಹಿಡಿದುಕೊಂಡು ಮನೆಯ ಬೆಲ್ ಒತ್ತಿದೆ. ವಿಮಲಾ ಪೊಟ್ಟಣ ನೋಡಿದಳು, ನನ್ನನ್ನು ನೋಡಿದಳು.

“ನಂಗೆ ಗೊತ್ತಿತ್ತು ಕಣ್ರೀ,” ಎಂದು ಶುರು ಮಾಡಿದವಳು ನಾಲ್ಕು ವರ್ಷದ ಕೇಸನ್ನು ಮತ್ತೆ ಮೊದಲಿನಿಂದ ತೆಗೆದಳು. ಕಿವಿಗೆ ಎಷ್ಟು ಹಿತವಾಗಿತ್ತು! ನಾನು ಆರಾಮಾಗಿ ಕುರ್ಚಿಯಲ್ಲಿ ಕುಳಿತೆ. ಜಿಲೇಬಿಯನ್ನು ನನ್ನ ಕೈಗೆ ಸಿಗದಂತೆ ಅಡಿಗೆಮನೆಗೆ ಒಯ್ದವಳು, ಹಾಳು ಮಾಡಬಾರದೆಂದು ಒಂದನ್ನು ಬಾಯಿಗೆ ಹಾಕಿಕೊಂಡು, “ಇವತ್ಯಾಕೋ ಯಾವಾಗಲಿನಷ್ಟು ಗರಿಗರಿ ಇಲ್ಲ” ಎಂದಳು.

ಭಯ್ಯಾ ಅವತ್ತು ನಮಸ್ತೆ ಹೇಳಿದಾಗ ನಾವು ಇಬ್ಬರಿದ್ದೆವು. ಅದು ಯಾರಿಗೆ ಹೇಳಿದ್ದೆಂದು ವಿಚಾರಿಸಬೇಕೆಂಬುದು ಆಡಿಟ್ ಇಲಾಖೆಯ ಈ ಮಹಾಶಯನಿಗೆ ನಾಲ್ಕು ವರ್ಷ ಹೊಳೆದೇ ಇರಲಿಲ್ಲ. ಈಗಲೂ ಕೇಳಿಲ್ಲ. ಅದಕ್ಕೂ ಧೈರ್ಯ ಬೇಕಲ್ಲ.